ಎರಡನೆಯ ಬೀಗದ ಕೈ ಎಲ್ಲಿರಬೇಕು?

2024ರ ಜುಲೈ 19ರಂದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಂಡಿಗೊ, ಆಕಾಶ ಏರ್ ಮೊದಲಾದ ಸಂಸ್ಥೆಗಳ ಸಿಬ್ಬಂದಿ ಕಂಪ್ಯೂಟರ್ ಬಿಟ್ಟು ಕೈಯಿಂದಲೇ ಚೆಕ್-ಇನ್ ಮಾಡಬೇಕಾಯಿತು. ಅದೇ ದಿನ ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ಪರಿಹಾರ ಕಷ್ಟದ್ದಲ್ಲ: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕಿತ್ತು. ಆದರೆ ಡಿಸ್ಕ್‌ಗೆ ವಿಂಡೋಸ್‌ನ ಎನ್‌ಕ್ರಿಪ್ಷನ್ ವ್ಯವಸ್ಥೆಯಾದ ಬಿಟ್‌ಲಾಕರ್‌ನ ಬೀಗ ಬಿದ್ದಿದ್ದ ಕಡೆ ಅದಕ್ಕೂ ಮೊದಲು 48 ಅಂಕಿಗಳ ರಿಕವರಿ ಕೀ ಬೇಕಾಯಿತು. ಕೀಗಳನ್ನು ಇಟ್ಟಿದ್ದ ಸರ್ವರೇ ಅದೇ ಅಪ್‌ಡೇಟ್‌ಗೆ ಸಿಕ್ಕಿ ಬಿದ್ದಿದ್ದ ಸಂಸ್ಥೆಗಳು ಇಕ್ಕಟ್ಟಿಗೆ ಸಿಲುಕಿದವು. ಬೀಗ ಎಷ್ಟು ಗಟ್ಟಿ ಎನ್ನುವುದರಷ್ಟೇ, ಎರಡನೆಯ ಬೀಗದ ಕೈ ಎಲ್ಲಿದೆ ಎನ್ನುವುದೂ ಮುಖ್ಯ ಎಂದು ಆ ದಿನ ತೋರಿಸಿಕೊಟ್ಟಿತು.

ಹಣಕಾಸಿನ ಆಡಳಿತ ಇದನ್ನು ಬಹಳ ಹಿಂದೆಯೇ ಅರಿತಿತ್ತು. ಬ್ಯಾಂಕಿನ ಸ್ಟ್ರಾಂಗ್ ರೂಮಿನ ಬೀಗದ ಕೈಗಳು ಇಬ್ಬರು ಅಧಿಕಾರಿಗಳ ಜಂಟಿ ಹೊಣೆ. ಅವುಗಳ ಜೋಡಿ ಪ್ರತಿ ಇರುವುದು ಬೇರೊಂದು ಶಾಖೆಯಲ್ಲಿ. ಕಂಪ್ಯೂಟರ್ ಲೋಕವೂ ಮೊದಲು ಇದೇ ದಾರಿ ಹಿಡಿಯಿತು. 2007ರಲ್ಲಿ ವಿಂಡೋಸ್ ವಿಸ್ಟಾದೊಂದಿಗೆ ಬಿಟ್‌ಲಾಕರ್ ಬಂದಾಗ ಅದನ್ನು ಮಾಲೀಕನೇ ಚಾಲೂ ಮಾಡಬೇಕಿತ್ತು. ಆಗಲೇ ರಿಕವರಿ ಕೀಯನ್ನು ಮುದ್ರಿಸಿಯೋ ಯುಎಸ್‌ಬಿಯಲ್ಲೋ ಇಟ್ಟುಕೊಳ್ಳಲು ಯಂತ್ರ ಕೇಳುತ್ತಿತ್ತು. ಬರಬರುತ್ತಾ ಬೀಗ ತಾನಾಗಿಯೇ ಬೀಳತೊಡಗಿತು. 2024ರ ವಿಂಡೋಸ್ 11ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಡಿಸ್ಕ್ ಸದ್ದಿಲ್ಲದೆ ಎನ್‌ಕ್ರಿಪ್ಟ್ ಆಗಿ ಕೀ ಆ ಖಾತೆಗೆ ಸೇರುತ್ತದೆ. ಮುಂದೆ ಎಂದೋ ದೊಡ್ಡಬಳ್ಳಾಪುರದ ರಿಪೇರಿ ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಾದಾಗ ಪರದೆ ಕೀ ಕೇಳುತ್ತದೆ. ಹಾಗೊಂದು ಬೀಗ ಇತ್ತೆಂಬುದೇ ಮಾಲೀಕನಿಗೆ ಆಗ ತಿಳಿಯುತ್ತದೆ.

ಹಾಗಾದರೆ ಮನೆಯ ಕಂಪ್ಯೂಟರಿಗೆ ಈ ಬೀಗವೇ ಬೇಡ ಎನ್ನುವವರಿದ್ದಾರೆ. ಆದರೆ ಕಳುವಾದ ಲ್ಯಾಪ್‌ಟಾಪಿನಲ್ಲಿ ಆಧಾರ್ ಪ್ರತಿ, ಜಮೀನಿನ ಪತ್ರ, ಬ್ಯಾಂಕಿನ ವಿವರ ಎಲ್ಲವೂ ಇರುತ್ತವೆ. ಬೀಗವಿಲ್ಲದ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಸಾಕು, ಓದಬಹುದು. ಕೀಯ ಇನ್ನೊಂದು ಪ್ರತಿ ಎಂದರೆ ಕಳ್ಳನಿಗೆ ಇನ್ನೊಂದು ದಾರಿ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಂಪನಿಯ ಸರ್ವರಿನಲ್ಲಿರುವ ಕೀಯನ್ನು ಸರ್ಕಾರ ಕಾನೂನಿನ ಮೂಲಕ ಕೇಳಿ ಪಡೆಯಲೂ ಬಹುದು. ಆದರೂ ಇದು ಪ್ರತಿಯೇ ಬೇಡ ಎನ್ನಲು ಕಾರಣವಾಗದು; ಅದನ್ನು ಕಾಗದದಲ್ಲಿ ಬರೆದು, ಯಂತ್ರದಿಂದ ದೂರ, ಮನೆಯ ದಾಖಲೆಗಳ ಜೊತೆ ಇಡಬೇಕು ಎನ್ನಲು ಕಾರಣ. ಪರದೆ ಕೀ ಕೇಳಿದಾಗ ಅಲ್ಲೇ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಬರೆದಿಟ್ಟ ಪ್ರತಿಯೊಂದಿಗೆ ತಾಳೆ ನೋಡಬೇಕು. ಬಯೋಸ್ ಅಪ್‌ಡೇಟ್‌ಗೆ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಎಲ್ಲೂ ಪ್ರತಿ ಉಳಿದಿಲ್ಲದ ಕೀಯನ್ನು ಮೈಕ್ರೋಸಾಫ್ಟ್ ಕೂಡ ಮತ್ತೆ ಸೃಷ್ಟಿಸಿ ಕೊಡಲಾರದು. ಆದ್ದರಿಂದ ಮಾಲೀಕನ ಕೈಗೆ ಪ್ರತಿ ಸೇರಿದೆ ಎಂದು ಖಾತ್ರಿಯಾಗುವ ಮುನ್ನ ಬೀಗ ಹಾಕುವ ಅಧಿಕಾರ ಯಾವ ಯಂತ್ರಕ್ಕೂ ಇರಬಾರದು.