ವೈದ್ಯಗ್ರಂಥಗಳ ದೇಶವಿಚಾರವೂ ಶ್ರೀರಂಗಪಟ್ಟಣ ಸೀಮೆಯ ಜ್ವರವೂ

ವ್ಯಾಧಿಯನ್ನು ನಿರ್ಣಯಿಸುವಲ್ಲಿ ರೋಗಿಯ ದೇಶವನ್ನೂ ಪರೀಕ್ಷಿಸತಕ್ಕದ್ದೆಂಬುದು ಪ್ರಾಚೀನ ವೈದ್ಯಗ್ರಂಥಗಳ ವಿಧಿ. ಚರಕ, ಸುಶ್ರುತ ಸಂಹಿತೆಗಳು ಭೂಮಿಯನ್ನು ಜಾಂಗಲ, ಅನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಭಾಗಿಸಿವೆ. ನೀರೂ ಮರಗಳೂ ವಿರಳವಾದ ಒಣನೆಲ ಜಾಂಗಲ. ಹೊಳೆ, ಕೆಸರು, ದಟ್ಟವಾದ ಸಸ್ಯಗಳಿಂದ ಕೂಡಿದುದು ಅನೂಪ. ಉಭಯ ಲಕ್ಷಣಗಳೂ ಬೆರೆತುದು ಸಾಧಾರಣ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ, ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ರಚಿಸಿದ ಕರ್ಣಾಟಕ ಕಲ್ಯಾಣಕಾರಕ ಮೊದಲಾದ ಜೈನ ವೈದ್ಯಕೃತಿಗಳು ಬೆಳೆದುದೂ ಇದೇ ಶಾಸ್ತ್ರದ ಆವರಣದಲ್ಲಿ. ಈ ವಿಭಾಗವು ಬರಿಯ ಪಾಠಪರಂಪರೆಯೋ, ನೆಲದ ಅನುಭವವೋ ಎಂಬುದನ್ನು ಪರಿಶೀಲಿಸಲು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು ಉತ್ತಮ ನಿದರ್ಶನಗಳಾಗಿವೆ.

ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪ. ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ನಾಲೆಗಳು 17ನೆಯ ಶತಮಾನದ ಮೈಸೂರು ಅರಸರ ಕಾಲದವೆಂದು ಪ್ರಸಿದ್ಧ. ಅವುಗಳಿಂದ ಗದ್ದೆ ತೋಟಗಳು ಹೆಚ್ಚಿದವು. ಶಾಸ್ತ್ರೋಕ್ತವಾದ ಅನೂಪಲಕ್ಷಣವೂ ಬಲಿಯಿತು. 1799ರಲ್ಲಿ ಕೋಟೆಯು ಬ್ರಿಟಿಷರ ವಶವಾದ ಬಳಿಕ ಅಲ್ಲಿ ನೆಲಸಿದ ಸೈನ್ಯವು ಜ್ವರದಿಂದ ಬಹಳವಾಗಿ ಪೀಡಿತವಾಯಿತು. ಕೊನೆಗೆ 1809ರ ಸುಮಾರಿಗೆ ದಂಡನ್ನು ಎತ್ತರದ ಬೆಂಗಳೂರಿಗೆ ಸಾಗಿಸಲಾಯಿತು.

ಆದರೆ ಪಟ್ಟಣವು ಬರಿದಾದುದಕ್ಕೆ ಜ್ವರವೊಂದೇ ಕಾರಣವೆನ್ನುವುದು ಯುಕ್ತವಲ್ಲ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ 1,50,000 ಜನರಿದ್ದರೆಂದೂ, ತಾನು ಸಂದರ್ಶಿಸಿದ 1800ರ ವೇಳೆಗೆ ಸುಮಾರು 32,000 ಮಂದಿ ಮಾತ್ರ ಉಳಿದಿದ್ದರೆಂದೂ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದಾನೆ. ಅದೇ ಹೊಳೆ, ಅದೇ ನಾಲೆಗಳಿದ್ದಾಗಲೇ ನಗರವು ತುಂಬಿತ್ತಷ್ಟೆ. ಒಂದೇ ವರ್ಷದಲ್ಲಾದ ಈ ಇಳಿಕೆಗೆ ಯುದ್ಧವೂ, ರಾಜಧಾನಿಯು ಮೈಸೂರಿಗೆ ಹೋದುದೂ ಮೊದಲ ಕಾರಣಗಳು. ಅಲ್ಲದೆ ಚಿಕ್ಕಂದಿನಿಂದ ಪದೇ ಪದೇ ಜ್ವರಕ್ಕೆ ಒಳಗಾದ ಸ್ಥಳೀಯರ ದೇಹವು ಅದನ್ನು ಒಂದಿಷ್ಟು ತಾಳಬಲ್ಲದು. ಹೊಸತಾಗಿ ಬಂದವರಿಗೆ ಆ ಬಲವಿರುವುದಿಲ್ಲ. ಸಾತ್ಮ್ಯವೆಂಬ ಶಾಸ್ತ್ರಪದವನ್ನು ಇಲ್ಲಿ ನೆನೆಯಬಹುದು.

ದ್ವೀಪದ ಉತ್ತರಕ್ಕೆ ಕೆಲವೇ ಮೈಲಿ ದೂರದ ಹಿರೋಡೆಯು ಬಂಡೆಗಳ ನೆಲ. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎನಿಸಿ, ಬಳಿಕ ಪಾಂಡವಪುರವಾದ ಈ ಊರು 19ನೆಯ ಶತಮಾನದಲ್ಲಿ ಬ್ರಿಟಿಷರ ಸೈನಿಕ ಠಾಣ್ಯವಾಗಿತ್ತು. ಪಂಚಕೂಟ ಬಸದಿಯ ಕಂಬದಹಳ್ಳಿಯನ್ನೊಳಗೊಂಡ ನಾಗಮಂಗಲದ ಮೇಟ್ಟು ಭೂಮಿಯು ಕೆರೆಗಳನ್ನೇ ನಂಬಿದ ಜಾಂಗಲಪ್ರಾಯ ಪ್ರದೇಶ. ಹೇಮಾವತಿ ಹರಿಯುವ ಕೃಷ್ಣರಾಜಪೇಟೆಯು ಮಂದಗೆರೆ ಅಣೆಕಟ್ಟಿನ ಬಯಲನ್ನೂ ಒಣಹೊಲಗಳನ್ನೂ ಒಳಗೊಂಡು ಸಾಧಾರಣಕ್ಕೆ ಸಮೀಪವಾಗಿದೆ.

ದೇಶಲಕ್ಷಣವು ಶಾಶ್ವತವಲ್ಲವೆಂಬುದನ್ನು 20ನೆಯ ಶತಮಾನವು ತೋರಿಸಿತು. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟಡವು ಆರಂಭವಾಯಿತು. ಮೊದಲು ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯು 1930ರ ದಶಕದಲ್ಲಿ ಮಂಡ್ಯದ ಬಯಲಿಗೆ ನೀರು ತಂದಿತು. ಬತ್ತ, ಕಬ್ಬುಗಳೊಡನೆ ಮಲೇರಿಯಾ ಜ್ವರವೂ ಒಣಸೀಮೆಯ ಹಳ್ಳಿಗಳನ್ನು ಹೊಕ್ಕಿತು. ಸೊಳ್ಳೆಯ ದೇಹದಲ್ಲಿ ಈ ಜ್ವರದ ರೋಗಾಣುವಿರುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದಿದ್ದನು. ಬಯಲುಸೀಮೆಯಲ್ಲಿ ಇದನ್ನು ಹರಡುವ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಜಾತಿಯ ಸೊಳ್ಳೆಯು ಬಿಸಿಲು ಬೀಳುವ ತಿಳಿನೀರಿನಲ್ಲಿ, ಅಂದರೆ ನಾಲೆಯ ಜಿನುಗು, ಹೊಸ ಗದ್ದೆ, ಬೇಸಿಗೆಯ ಹೊಳೆಗುಂಡಿಗಳಲ್ಲಿ ಮೊಟ್ಟೆಯಿಡುತ್ತದೆ. ಪ್ರಾಚೀನರು ದೋಷದ ಪರಿಭಾಷೆಯಲ್ಲಿ ಹೇಳಿದ ಜಲಸಂಬಂಧಕ್ಕೆ ಹೀಗೆ ಬೇರೊಂದು ವಿವರಣೆ ದೊರೆಯಿತು. ಡಿ.ಡಿ.ಟಿ. ಸಿಂಪಡಣೆಯನ್ನು ಆಧರಿಸಿದ ರಾಷ್ಟ್ರೀಯ ಹತೋಟಿ ಕಾರ್ಯಕ್ರಮವು 1953ರಲ್ಲಿ ಆರಂಭವಾಗಿ ಜ್ವರವನ್ನು ಬಹುಮಟ್ಟಿಗೆ ತಗ್ಗಿಸಿದರೂ 1970ರ ದಶಕದಲ್ಲಿ ದೇಶದಾದ್ಯಂತ ಅದು ಮರಳಿ ತಲೆಯೆತ್ತಿತು. 1979ರಲ್ಲಿ ಗೊರೂರಿನ ಹೇಮಾವತಿ ಜಲಾಶಯವು ಪೂರ್ಣಗೊಂಡಿತು. ಅದರ ನಾಲೆಗಳು ನಾಗಮಂಗಲದ ಮೇಟ್ಟಿಗೂ ನೀರು ಹರಿಸಿವೆ.

ಇದರಿಂದ ಹಸ್ತಪ್ರತಿಗಳ ಸಂಪಾದಕರು ಗ್ರಹಿಸಬೇಕಾದ ವಿಷಯವೊಂದುಂಟು. ವೈದ್ಯದ ಓಲೆಗರಿಗಳಲ್ಲಿ ಮೂಲಕ್ಕಿಲ್ಲದ ಜ್ವರಯೋಗವೋ ಕಷಾಯವೋ ಸೇರಿದ್ದರೆ ಅದನ್ನು ಪ್ರಕ್ಷಿಪ್ತವೆಂದು ಕೈಬಿಡುವುದು ವಾಡಿಕೆ. ಪಾಠಶುದ್ಧಿಗೆ ಅದು ಸರಿ. ಆದರೆ ಪ್ರತಿಕಾರನು ಹೊಳೆಯ ದಂಡೆಯವನೇ, ಮೇಟ್ಟಿನವನೇ, ಯಾವ ಕಾಲದವನು ಎಂಬುದು ತಿಳಿದಲ್ಲಿ ಅದೇ ಪ್ರಕ್ಷೇಪವು ಆ ಸೀಮೆಯ ವ್ಯಾಧಿಗೆ ಸಾಕ್ಷಿಯಾದೀತು. ಆ ಸಾಕ್ಷ್ಯವನ್ನು ಕೂಡ ಇಂದಿನ ನಾಲೆಗಳ ನಕ್ಷೆಯಿಂದಲ್ಲ, ಪ್ರತಿಯಾದ ಕಾಲದ ನೆಲದಿಂದಲೇ ಅಳೆಯಬೇಕು. ಆದುದರಿಂದ ಇಂತಹ ಭಾಗಗಳನ್ನು ಅನುಬಂಧದಲ್ಲಾದರೂ ಉಳಿಸಿ, ಪ್ರತಿ ದೊರೆತ ಊರನ್ನೂ ಲಿಪಿಕಾರನ ಸ್ಥಳಕಾಲಗಳನ್ನೂ ನಮೂದಿಸುವುದು ಅವಶ್ಯಕ. ದೇಶಪರೀಕ್ಷೆಯು ವೈದ್ಯನಿಗೆ ವಿಹಿತವಾದಂತೆ ಗ್ರಂಥಸಂಪಾದಕನಿಗೂ ವಿಹಿತವೇ ಆಗಿದೆ.