ಬೂದಿ ಮುಚ್ಚಿದ ಕೆಂಡ: ಮಾರ್ಚ್ ತಿಂಗಳ ಬಚ್ಚಲೊಲೆ

ಇವತ್ತಿನ ಇತಿಹಾಸ ರಾಜ ಮಹಾರಾಜರದ್ದಲ್ಲ, ಬಚ್ಚಲೊಲೆಯದ್ದು.

ಕಳಸದ ಹತ್ತಿರ ನಮ್ಮ ಅಜ್ಜಿ ಮನೆ. ಮಳೆಗಾಲದಲ್ಲಿ ಅಲ್ಲಿ ಒಲೆ ಆರೋದೇ ಇಲ್ಲ, ಮನೆಮಂದಿಯೆಲ್ಲ ಅದರ ಮುಂದೇನೇ. ಕಷ್ಟ ಇರೋದು ಮಾರ್ಚ್‌ನಲ್ಲಿ. ಚಳಿ ಹೋಗಿರುತ್ತೆ, ಬೆಳಗ್ಗೆ ಒಂದು ಹಂಡೆ ನೀರು ಕಾದರೆ ಸಾಕು. ಸೌದೆ ಜಾಸ್ತಿ ಒಟ್ಟಿದ್ರೆ ದಂಡ, ಕಮ್ಮಿ ಹಾಕಿದ್ರೆ ಬೆಂಕಿ ನಂದುತ್ತೆ. ಹೊಗೆ ಮೇಲೇರಬೇಕಾದ್ರೆ ಒಳಗಿನ ಗಾಳಿ ಹೊರಗಿನದ್ದಕ್ಕಿಂತ ಚೆನ್ನಾಗಿ ಬಿಸಿ ಇರಬೇಕು. ಹೊರಗೂ ಸೆಕೆ, ಒಳಗೂ ಸಣ್ಣ ಬೆಂಕಿ ಅಂದ್ರೆ ಹೊಗೆ ಅಲ್ಲೇ ಸುತ್ತುತ್ತೆ.

ನಂದಿದ್ರೆ ಏನಂತೆ, ಕಡ್ಡಿ ಗೀರಿದ್ರಾಯ್ತು ಅಂತೀರಾ? 20ನೇ ಶತಮಾನದ ಆರಂಭದಲ್ಲಿ ನಮ್ಮ ದೇಶಕ್ಕೆ ಬೆಂಕಿಕಡ್ಡಿ ಬರ್ತಿದ್ದದ್ದು ಸ್ವೀಡನ್, ಜಪಾನ್‌ನಿಂದ, ಹಡಗಿನಲ್ಲಿ. ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಕಲ್ಕತ್ತಾದಲ್ಲಿ ಕೆಲಸ ಕಲಿತು ಬಂದು ಊರಲ್ಲೇ ಶುರು ಮಾಡಿದ್ದು 1923ರ ಸುಮಾರಿಗೆ. ಪಕ್ಕದ ಮನೆಯಿಂದ ಕೆಂಡ ತರೋಣ ಅಂದ್ರೆ, ಮಲೆನಾಡಲ್ಲಿ ಪಕ್ಕದ ಮನೆ ಅಂದ್ರೆ ಗುಡ್ಡದ ಆಚೆ!

ಅದಕ್ಕೇ ಕೆಂಡ ಕಾಯೋ ವಿದ್ಯೆ. ಅಜ್ಜಿ ಬೇಸಿಗೆಯಲ್ಲಿ ಬೂದಿ ಪೂರ್ತಿ ಬಳಿಯಲ್ಲ. "ಬೂದಿನೇ ಕಂಬಳಿ ಕಣೋ ಮಗಾ, ಎಲ್ಲಾ ತೆಗೆದ್ರೆ ಕೆಂಡಕ್ಕೆ ಏನು ಹೊದಿಸ್ತೀಯ?" ಅಂತಾರೆ. ರಾತ್ರಿ ಕೆಂಡ ಎಲ್ಲಾ ಒಂದೇ ಕಡೆ ಗುಡ್ಡೆ ಮಾಡಿ, ಮಧ್ಯೆ ಗಟ್ಟಿ ಮರದ ದಪ್ಪ ಕೊರಡು ಇಟ್ಟು, ಮೇಲೆ ಬೂದಿ ಮುಚ್ಚೋದು. ಗಾಳಿ ಕಮ್ಮಿ, ಹಾಗಾಗಿ ಉರಿಯೋದೂ ನಿಧಾನ. ತೋಟದ ಸಿಲ್ವರ್ ಓಕ್ ಇದಕ್ಕಾಗಲ್ಲ, ಹಗುರ ಮರ, ಬೇಗ ಮುಗಿಯುತ್ತೆ. ಮರಗಸಿಯಲ್ಲಿ ಬಿದ್ದ ಕಾಡುಮರದ ಕೊಂಬೆ ಆದ್ರೆ ಬೆಳಗಿನ ತನಕ ಇರುತ್ತೆ. ಬಿಕಾಂ ಓದಿದ ನನಗೆ ಇದು ಓಪನಿಂಗ್ ಬ್ಯಾಲೆನ್ಸ್ ಇದ್ದ ಹಾಗೆ.

ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಥೆ. ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಅಲ್ಲಿ 'ಅಸ್ತ್ರ' ಕೇಂದ್ರ ಕಟ್ಟಿದ್ರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಮುಚ್ಚಿದ ಗೂಡು, ತಳದಲ್ಲಿ ಜಾಲರಿ, ಹೊಗೆಗೆ ಕೊಳವೆ. ಸೌದೆ ಉಳಿಯಿತು, ಅಡುಗೆಮನೆಯಿಂದ ಹೊಗೆ ಹೊರಗೆ ಹೋಯ್ತು. ಹೆಂಗಸರ ಕಣ್ಣು, ಎದೆಗೆ ಇದು ಸಣ್ಣ ವಿಷಯ ಅಲ್ಲ. 2011ರ ಜನಗಣತಿಯಲ್ಲೂ ದೇಶದ 49% ಮನೆಗಳ ಅಡುಗೆ ಸೌದೆಯಲ್ಲೇ! ಆದರೆ ಜಾಲರಿ ಇದ್ದ ಕಡೆ ಬೂದಿ ಕೆಳಗೆ ಉದುರುತ್ತೆ, ಅಡಿಯಿಂದ ಗಾಳಿ ಬರುತ್ತೆ, ಕೆಂಡ ಬೇಗ ತೀರುತ್ತೆ. ಹೊಗೆ ಬಿಡಿಸಿದ ಒಲೆಯಲ್ಲಿ ಹಳೇ ವಿದ್ಯೆ ನಡೆಯೋದು ಕಷ್ಟ. ನನ್ನ ಕೇಳಿದ್ರೆ, ವಿದ್ಯೆ ಹೋದ್ರೂ ಪರವಾಗಿಲ್ಲ, ಅಜ್ಜಿಯ ಕೆಮ್ಮು ಕೇಳಿದವನು ನಾನು.

ಇನ್ನೊಂದು ಮಾತು, ಇದನ್ನ ಮಾತ್ರ ಫಾರ್ವರ್ಡ್ ಮಾಡಿ. ಹೋಂಸ್ಟೇಗೆ ಬಂದೋರು ಚಳಿ ಅಂತ ಕೆಂಡದ ಬಾಣಲೆ ರೂಮಿಗೆ ತಗೊಂಡು ಬಾಗಿಲು ಹಾಕಿ ಮಲಗಬೇಡಿ. ಗಾಳಿ ಸಾಲದೆ ಉರಿಯೋ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳಲ್ಲ. ಬಚ್ಚಲಿಗೆ ಹೆಂಚಿನ ಸಂದು, ಗೋಡೆ ಮೇಲೆ ತೂತು ಇರುತ್ತೆ. ನಿಮ್ಮ ರೂಮಿಗೆ ಇರಲ್ಲ.

ಈ ಮಾರ್ಚ್‌ನಲ್ಲಿ ನಾನೇ ಕೆಂಡ ಕಾಯ್ತೀನಿ ಅಂತ ಹಟ ಹಿಡಿದೆ. ಎರಡು ದಿನ ಉಳೀತು. ಮೂರನೇ ಬೆಳಗ್ಗೆ ಬೂದಿ ಕೆದಕಿದ್ರೆ ತಣ್ಣಗೆ. ಅಜ್ಜಿ ನಗಲೂ ಇಲ್ಲ, ಗ್ಯಾಸ್ ಲೈಟರ್ ಕೈಗೆ ಕೊಟ್ಟು ಹಾಲು ಕಾಯಿಸೋಕೆ ಹೇಳಿದ್ರು.