ಸಾಲ ಕೊಡುವವನೇ ಎದುರಾಳಿಯಾದಾಗ: ವಾಷಿಂಗ್ಟನ್ ನೌಕಾ ಒಪ್ಪಂದದ ಹಣಕಾಸಿನ ಹಿನ್ನೆಲೆ

1921ರ ನವೆಂಬರ್ 12ರಂದು ವಾಷಿಂಗ್ಟನ್ ಸಮ್ಮೇಳನ ಆರಂಭವಾದಾಗ ಪ್ರತಿನಿಧಿಗಳು ಕಾದಿದ್ದುದು ಔಪಚಾರಿಕ ಸ್ವಾಗತ ಭಾಷಣಕ್ಕೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಸ್ವಾಗತವನ್ನು ಬೇಗ ಮುಗಿಸಿ, ತಮ್ಮ ದೇಶ 30 ದೊಡ್ಡ ಯುದ್ಧನೌಕೆಗಳನ್ನು ಗುಜರಿಗೆ ಹಾಕಲು ಸಿದ್ಧವಿದೆ ಎಂದರು. ಬ್ರಿಟನ್ ಮತ್ತು ಜಪಾನ್ ಯಾವ ಯಾವ ಹಡಗುಗಳನ್ನು ಕೈಬಿಡಬೇಕೆಂಬುದನ್ನೂ ಹೆಸರು ಹಿಡಿದು ಹೇಳಿದರು. 1922ರ ಫೆಬ್ರವರಿ 6ರಂದು ಸಹಿಯಾದ ಒಪ್ಪಂದ ಯುದ್ಧನೌಕೆಗಳ ಒಟ್ಟು ತೂಕಕ್ಕೆ ಮಿತಿ ಹಾಕಿತು. ಅಮೆರಿಕ, ಬ್ರಿಟನ್‌ಗಳಿಗೆ ತಲಾ 5,25,000 ಟನ್, ಜಪಾನಿಗೆ 3,15,000, ಫ್ರಾನ್ಸ್ ಮತ್ತು ಇಟಲಿಗೆ ತಲಾ 1,75,000. ಭಾರತದ ಪರವಾಗಿ ಸಹಿ ಹಾಕಿದವರು ವಿ. ಎಸ್. ಶ್ರೀನಿವಾಸ ಶಾಸ್ತ್ರಿ. ತನ್ನದೆನ್ನಲು ಅಂಥ ಒಂದು ನೌಕೆಯೂ ಇಲ್ಲದ ದೇಶದ ಸಹಿ ಅದು!

ಜಪಾನಿನ ನೌಕಾತಜ್ಞರು ಪಟ್ಟು ಹಿಡಿದದ್ದು ಅಮೆರಿಕದ ಬಲದ ಶೇ. 70ಕ್ಕೆ, ಒಪ್ಪಿದ್ದು ಶೇ. 60ಕ್ಕೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ರೋಚಕವಾದದ್ದು: ಹರ್ಬರ್ಟ್ ಯಾರ್ಡ್ಲಿಯ ಗುಪ್ತಲಿಪಿ ತಂಡ ಟೋಕಿಯೊದ ತಂತಿಗಳನ್ನು ಒಡೆದು ಓದುತ್ತಿತ್ತು; ಜಪಾನ್ ಎಲ್ಲಿಯವರೆಗೆ ಬಗ್ಗಬಲ್ಲದು ಎಂಬುದು ಹ್ಯೂಸ್‌ಗೆ ಮೊದಲೇ ತಿಳಿದಿತ್ತು. ಇದು ನಿಜ. ಆದರೆ ಎದುರಾಳಿ ಎಷ್ಟು ಬಗ್ಗುತ್ತಾನೆಂದು ತಿಳಿಯುವುದು ಬೇರೆ, ಅವನೇಕೆ ಬಗ್ಗುತ್ತಾನೆಂಬುದು ಬೇರೆ. ಯಾರ್ಡ್ಲಿಗೆ ಸಂದಿರುವ ಕೀರ್ತಿ ಅಗತ್ಯಕ್ಕಿಂತ ಹೆಚ್ಚಿನದು ಎಂಬುದು ನನ್ನ ಅಭಿಪ್ರಾಯ.

ಉತ್ತರಕ್ಕಾಗಿ ನೋಡಬೇಕಾದ್ದು ಜಪಾನಿನ ಪ್ರಧಾನ ಪ್ರತಿನಿಧಿ, ನೌಕಾ ಸಚಿವ ಕಾಟೊ ತೊಮೊಸಬುರೊ ಡಿಸೆಂಬರ್ 27ರಂದು ತಮ್ಮ ಸಚಿವಾಲಯಕ್ಕಾಗಿ ಹೇಳಿ ಬರೆಸಿದ ಟಿಪ್ಪಣಿಯನ್ನು. ಅದರ ತರ್ಕ ಸರಳ, ಆದರೆ ಅಡ್ಮಿರಲ್ ಒಬ್ಬರ ಬಾಯಲ್ಲಿ ಅಪರೂಪ. ದೇಶರಕ್ಷಣೆ ಸೈನಿಕರ ಗುತ್ತಿಗೆಯಲ್ಲ, ಹಣವಿಲ್ಲದೆ ಯುದ್ಧವಿಲ್ಲ. ಜಪಾನ್ ಕಾದಾಡುವ ಸಂಭವವಿರುವುದು ಅಮೆರಿಕದೊಂದಿಗೆ ಮಾತ್ರ. ರಷ್ಯಾದೊಡನೆ ನಡೆದ ಯುದ್ಧದಲ್ಲಿ ಸಾಕಾದಷ್ಟು ಹಣ ಈಗ ಏನೇನೂ ಸಾಲದು, ಅಷ್ಟು ದೊಡ್ಡ ಸಾಲ ಕೊಡಬಲ್ಲ ದೇಶವೂ ಅಮೆರಿಕವೊಂದೇ. ಶತ್ರುವೇ ಸಾಹುಕಾರನಾದ ಮೇಲೆ ಯುದ್ಧ ಅಸಾಧ್ಯ.

ಇದು ಹೇಡಿತನದ ಮಾತಲ್ಲ, ಅನುಭವದ ಮಾತು. 1904-05ರ ಯುದ್ಧಕ್ಕಾಗಿ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಜಪಾನಿನ ಬಾಂಡುಗಳನ್ನು ಮಾರಿ ಹಣ ತಂದಿದ್ದ ತಾಕಾಹಾಶಿ ಕೊರೆಕಿಯೊ, ವಾಷಿಂಗ್ಟನ್ ಮಾತುಕತೆಯ ಹೊತ್ತಿಗೆ ಪ್ರಧಾನಿಯಾಗಿದ್ದರು. 1921ರಲ್ಲಿ ಸರ್ಕಾರದ ವೆಚ್ಚದ ಸುಮಾರು ಮೂರನೇ ಒಂದು ಭಾಗ ನೌಕಾಪಡೆಯೊಂದಕ್ಕೇ ಹೋಗುತ್ತಿತ್ತು.

ಬ್ರಿಟನ್ನಿನ ಸ್ಥಿತಿಯೂ ಹಗುರವಾಗಿರಲಿಲ್ಲ. ಮಹಾಯುದ್ಧದಲ್ಲಿ ಅದು ಅಮೆರಿಕಕ್ಕೆ 400 ಕೋಟಿ ಡಾಲರ್‌ಗೂ ಮಿಕ್ಕಿ ಸಾಲಗಾರನಾಗಿತ್ತು. ಒಪ್ಪಂದಕ್ಕೆ ಸಹಿಬಿದ್ದ ಮೂರೇ ದಿನಕ್ಕೆ, ಫೆಬ್ರವರಿ 9ರಂದು, ಯುದ್ಧಸಾಲಗಳ ವಸೂಲಾತಿಗೆ ಆಯೋಗ ರಚಿಸುವ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂತು. ಇವೆರಡರ ನಡುವೆ ಗುಪ್ತ ಕೊಡುಕೊಳೆ ಇತ್ತೆಂದು ಹೇಳಲಾರೆ. ಹಾಗೆ ಹೇಳಬೇಕಾದ ಅಗತ್ಯವೂ ಇಲ್ಲ. ಸಾಲಗಾರನ ಮುಂದೆ ಬೆದರಿಕೆಯನ್ನು ಬಾಯಿಬಿಟ್ಟು ಆಡಬೇಕಾಗಿಲ್ಲ.

ಕಾಟೊ ಅವರ ತರ್ಕ ಸರಿಯೆನ್ನುವುದಾದರೆ, ಜಪಾನಿಗೆ ಡಾಲರ್ ಸಾಲ ಬೇಕಿರುವವರೆಗೆ ಒಪ್ಪಂದ ಉಳಿಯಬೇಕು, ಸಾಲದ ಹಂಗು ತಪ್ಪಿದೊಡನೆ ಕುಸಿಯಬೇಕು. ನಡೆದದ್ದೂ ಹೆಚ್ಚುಕಡಿಮೆ ಹಾಗೆಯೇ. 1923ರ ಭೂಕಂಪದಲ್ಲಿ ಟೋಕಿಯೊ, ಯೊಕೊಹಾಮಾ ಸುಟ್ಟುಹೋದ ಬಳಿಕ, ಮರುವರ್ಷ ಜೆ. ಪಿ. ಮಾರ್ಗನ್ ಸಂಸ್ಥೆಯ ಮೂಲಕ ನ್ಯೂಯಾರ್ಕ್‌ನಲ್ಲಿ 15 ಕೋಟಿ ಡಾಲರ್ ಸಾಲ ಸಿಕ್ಕಿತು. 1930ರ ಜನವರಿ 11ರಂದು ಹಣಕಾಸು ಸಚಿವ ಇನೌಯೆ ಜುನ್ನೊಸುಕೆ ಯೆನ್ ಅನ್ನು ಮತ್ತೆ ಚಿನ್ನದ ಮಾನಕಕ್ಕೆ ತಂದರು. ಹತ್ತೇ ದಿನದಲ್ಲಿ ಲಂಡನ್ ನೌಕಾ ಸಮ್ಮೇಳನ ಶುರುವಾಯಿತು. ಯೆನ್ ಬೆಲೆಯನ್ನು ಕಾಪಾಡಲು ಬಜೆಟ್ ಬಿಗಿಯಬೇಕು, ಬಜೆಟ್ ಬಿಗಿಯಲು ಹಡಗು ಕಟ್ಟುವುದನ್ನು ತಡೆಯಬೇಕು. ಪ್ರಧಾನಿ ಹಾಮಾಗುಚಿ ನೌಕಾಪಡೆಯ ಪ್ರತಿರೋಧವನ್ನು ಲೆಕ್ಕಿಸದೆ ಲಂಡನ್ ಒಪ್ಪಂದಕ್ಕೆ ಸಹಿ ಹಾಕಿಸಿದರು. ಅದೇ ನವೆಂಬರಿನಲ್ಲಿ ಟೋಕಿಯೊ ರೈಲು ನಿಲ್ದಾಣದಲ್ಲಿ ಅವರ ಮೇಲೆ ಗುಂಡು ಹಾರಿತು. 1932ರ ಫೆಬ್ರವರಿಯಲ್ಲಿ ಇನೌಯೆಯವರ ಹತ್ಯೆಯಾಯಿತು.

ಅಷ್ಟರಲ್ಲಿ ಮಂಚೂರಿಯಾ ದಾಳಿ ನಡೆದು, 1931ರ ಡಿಸೆಂಬರಿನಲ್ಲಿ ಜಪಾನ್ ಚಿನ್ನದ ಮಾನಕವನ್ನೂ ಬಿಟ್ಟಿತ್ತು. ಬಿಡಿಸಿದವರು ಹಣಕಾಸು ಸಚಿವರಾಗಿ ಮರಳಿದ್ದ ಅದೇ ತಾಕಾಹಾಶಿ. ಸರ್ಕಾರದ ಬಾಂಡುಗಳನ್ನು ಅವರು ಬ್ಯಾಂಕ್ ಆಫ್ ಜಪಾನ್‌ಗೇ ಕೊಳ್ಳಹಚ್ಚಿದರು. ಯೆನ್‌ನ ಡಾಲರ್ ಬೆಲೆ ಒಂದೇ ವರ್ಷದಲ್ಲಿ ಅರ್ಧಕ್ಕೂ ಕೆಳಗಿಳಿಯಿತು, ಕಾರ್ಖಾನೆಗಳು ಚೇತರಿಸಿಕೊಂಡವು. ಸೇನೆಗೆ ಹಣ ಬೇಕಿದ್ದರೆ ಇನ್ನು ನ್ಯೂಯಾರ್ಕ್‌ನ ಮುಖ ನೋಡಬೇಕಿರಲಿಲ್ಲ. 1934ರ ಡಿಸೆಂಬರ್ 29ರಂದು ಜಪಾನ್ ವಾಷಿಂಗ್ಟನ್ ಒಪ್ಪಂದದಿಂದ ಹೊರಬರುವ ನೋಟಿಸು ಕೊಟ್ಟಿತು.

ಇದನ್ನು ಒಪ್ಪಂದದ ವೈಫಲ್ಯವೆಂದು ಓದುವವರಿದ್ದಾರೆ. ವಿಫಲವಾದದ್ದು ಒಪ್ಪಂದದ ಕಲಮುಗಳಲ್ಲ, ಅವುಗಳ ಹಿಂದಿದ್ದ ಜಾಮೀನು. ಆ ಜಾಮೀನಿನ ಜಾಗದಲ್ಲಿ ಟೋಕಿಯೊದೊಳಗೆ ಉಳಿದಿದ್ದುದು ಹಣಕಾಸು ಸಚಿವಾಲಯದ ತಡೆಯೊಂದೇ. ಕೈಬಿಚ್ಚಿ ಖರ್ಚು ಮಾಡಿದ್ದ ತಾಕಾಹಾಶಿ ಹಣದುಬ್ಬರಕ್ಕೆ ಹೆದರಿ ಸೇನೆಯ ಬೇಡಿಕೆಗಳನ್ನು ಕತ್ತರಿಸತೊಡಗಿದ್ದರು. 1936ರ ಫೆಬ್ರವರಿ 26ರ ನಸುಕಿನಲ್ಲಿ ಯುವ ಸೇನಾಧಿಕಾರಿಗಳು ಮನೆಗೆ ನುಗ್ಗಿ ಅವರನ್ನು ಕೊಂದರು. ನಂತರ ಬಂದ ಹಣಕಾಸು ಸಚಿವರಾರೂ ಸೇನೆಗೆ ಹಾಗೆ ಅಡ್ಡ ನಿಲ್ಲಲಿಲ್ಲ. ನೋಟಿಸಿನ ಅವಧಿ ಮುಗಿದು ಒಪ್ಪಂದ ಕೊನೆಗೊಂಡದ್ದು ಅದೇ ವರ್ಷದ ಡಿಸೆಂಬರ್ 31ರಂದು.